ಮೂರನೇ ಪಿನ್ನಿನ ಪುರಾಣ

ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿಗೆ ಎರಡು ತಿರುಪುಗಳಿರುತ್ತಿದ್ದವು. ಒಂದರ ಪಕ್ಕದಲ್ಲಿ 'ಎ' ಎಂದೂ ಇನ್ನೊಂದರ ಪಕ್ಕದಲ್ಲಿ 'ಇ' ಎಂದೂ ಇಂಗ್ಲಿಷ್ ಅಕ್ಷರ. 'ಎ' ಎಂದರೆ ಏರಿಯಲ್. ಹಂಚಿನ ಮೇಲೆ ಎರಡು ಬಿದಿರು ಗಳಗಳ ನಡುವೆ ಬಿಗಿದ ತಂತಿಯನ್ನು ತಂದು ಅದಕ್ಕೆ ಸಿಕ್ಕಿಸಬೇಕು. 'ಇ' ಎಂದರೆ ಅರ್ಥ್, ಅರ್ಥಾತ್ ಭೂಮಿ. ಅಲ್ಲಿಂದ ಹೊರಟ ತಾಮ್ರದ ತಂತಿ ಕಿಟಕಿಯ ಸಂದಿನಿಂದ ಹೊರಬಿದ್ದು, ಬಚ್ಚಲ ನೀರು ಹರಿಯುವ ಕಡೆಯೋ ತುಳಸಿಕಟ್ಟೆಯ ಬುಡದಲ್ಲೋ ನೆಲದೊಳಗೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಧಾರವಾಡ ಆಕಾಶವಾಣಿ ಗರಗರ ಎನ್ನತೊಡಗಿದರೆ ಮನೆಯ ಹಿರಿಯರು ಹುಡುಗರ ಕೈಗೆ ತಂಬಿಗೆ ಕೊಟ್ಟು ಆ ಜಾಗಕ್ಕೆ ನೀರು ಹೊಯ್ದು ಬರಲು ಅಟ್ಟುತ್ತಿದ್ದರು. ರೇಡಿಯೋಕ್ಕೆ ನೀರುಣಿಸುವ ಈ ಪದ್ಧತಿ ಹೊರಗಿನವರಿಗೆ ವಿಚಿತ್ರ ಕಂಡೀತು. ಆದರೆ ಅದರಲ್ಲಿ ಮೂಢನಂಬಿಕೆಯೇನೂ ಇರಲಿಲ್ಲ. ಒಣ ನೆಲಕ್ಕಿಂತ ಹಸಿ ನೆಲದಲ್ಲಿ ವಿದ್ಯುತ್ತು ಸಲೀಸಾಗಿ ಇಳಿಯುತ್ತದೆ.

ಟ್ರಾನ್ಸಿಸ್ಟರ್ ಬಂತು, ಎರಡು ತಿರುಪುಗಳೂ ಹೋದವು. ಬ್ಯಾಟರಿಯ ಮೇಲೆ ನಡೆಯುವ ಡಬ್ಬಿಗೆ ನೆಲದ ಹಂಗಿಲ್ಲ. ಗೋಡೆಯ ಸಾಕೆಟ್ಟಿಗೆ ಅದೇ ಹೊತ್ತಿಗೆ ಮೂರನೆಯ ತೂತೊಂದು ಬಂದು ಕೂತಿತು. ಆದರೆ ಅದರೊಳಗೆ ತಂತಿ ಇದೆಯೋ ಇಲ್ಲವೋ ನೋಡುವವರು ಕಡಿಮೆ. ಎರಡು ತೂತಿನಿಂದಲೇ ದೀಪ ಹತ್ತುತ್ತದೆ, ಪಂಖಾ ತಿರುಗುತ್ತದೆ ಎಂದ ಮೇಲೆ ಮೂರನೆಯದನ್ನು ಕೇಳುವವರು ಯಾರು?

ಬೆಳಗಾವಿಯ ತಿಲಕವಾಡಿಯಲ್ಲಿರುವ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರು ಅದನ್ನು ಕೇಳುವ ಹಾಗಾದದ್ದು ಸಂಗೀತದಿಂದಾಗಿ. ಪುಣೆಯಲ್ಲಿ ಕೆಲಸಕ್ಕಿರುವ ಮಗ ದೀಪಾವಳಿಗೆ ಬಂದಾಗ ಎಲೆಯಡಿಕೆ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ ತಂದುಕೊಟ್ಟ. ಹೆಸರು ಸ್ಟ್ರೀಮರ್. ಇಂಟರ್ನೆಟ್ಟಿನಲ್ಲಿ ಹರಿಯುವ ಹಾಡನ್ನು ಹಿಡಿದು ಮನೆಯ ಆಂಪ್ಲಿಫಯರಿಗೆ ದಾಟಿಸುವುದಷ್ಟೇ ಅದರ ಕೆಲಸ. ಹಳೆಯ ಧ್ವನಿಮುದ್ರಿಕೆಗಳ ಹುಚ್ಚಿರುವ ಮಾಸ್ತರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇರಲಾರದು. ಒಂದೇ ಕೊರತೆ ಎಂದರೆ ಪೆಟ್ಟಿಗೆಯ ಜೊತೆಗೆ ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಇರಲಿಲ್ಲ. ಬೇಕಾದದ್ದು 5 ವೋಲ್ಟ್, 3 ಆಂಪಿಯರ್. "ಅಪ್ಪಾ, ಸಿಕ್ಕ ಮೊಬೈಲ್ ಚಾರ್ಜರ್ ಹಚ್ಚಬ್ಯಾಡ್ರಿ, ನಾ ವಿಚಾರ ಮಾಡಿ ಹೇಳತೀನಿ" ಎಂದು ಹೇಳಿ ಮಗ ಪುಣೆಯ ಬಸ್ಸು ಹತ್ತಿದ.

ವಿಚಾರ ಮಾಡಿ ಹೇಳಿದ ಮೇಲೆ ಮಾಸ್ತರರಿಗೆ ಗೊಂದಲ ಇನ್ನಷ್ಟು ಹೆಚ್ಚಿತು. ಇಂಥ ಪೆಟ್ಟಿಗೆಗಳಿಗೆ ಎರಡು ಬಗೆಯ ಪವರ್ ಸಪ್ಲೈ ಉಂಟು. ಒಂದು ಸ್ವಿಚಿಂಗ್ ಬಗೆಯದು. ಮೊಬೈಲ್ ಚಾರ್ಜರಿನ ಕುಲಕ್ಕೆ ಸೇರಿದ ಇದು ಗೋಡೆಯಿಂದ ಬಂದ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಚಿಕ್ಕದೊಂದು ಟ್ರಾನ್ಸ್‌ಫಾರ್ಮರಿನಿಂದ ದಾಟಿಸಿ, 5 ವೋಲ್ಟಿಗೆ ಇಳಿಸುತ್ತದೆ. ಹಗುರ, ಅಗ್ಗ, ಬಿಸಿಯಾಗುವುದೂ ಕಡಿಮೆ. ಆದರೆ ಕತ್ತರಿಸುವ ಕೆಲಸದ ಗದ್ದಲ ಸ್ವಲ್ಪ ಆಚೆಗೂ ಸೋರುತ್ತದೆ. ಇನ್ನೊಂದು ಲೀನಿಯರ್ ಬಗೆಯದು. ಕಬ್ಬಿಣದ ಪಟ್ಟಿಗಳ ದಪ್ಪ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಲೋಟದಂಥ ಕೆಪಾಸಿಟರುಗಳು, ಕೊನೆಗೆ ಹೆಚ್ಚಾದ ವೋಲ್ಟನ್ನು ಶಾಖ ಮಾಡಿ ಚೆಲ್ಲುವ ರೆಗ್ಯುಲೇಟರು. ಇದು ಶಾಂತಸ್ವಭಾವದ್ದು. ಬೆಲೆ ಮಾತ್ರ ಸ್ಟ್ರೀಮರಿನ ಬೆಲೆಗೇ ಹೆಗಲೆಣೆಯಾಗಿ ನಿಲ್ಲುತ್ತದೆ. ಲೀನಿಯರ್ ಹಾಕಿದರೆ ಹಾಡಿನ ಮೇಲಿನ ಮಸುಕು ಸರಿದಂತಾಗುತ್ತದೆ ಎಂದು ಒಂದು ಪಂಥ. ಹಾಗೇನೂ ಇಲ್ಲ, ಒಳಗಿನ ಸರ್ಕ್ಯೂಟು ಸರಿಯಿದ್ದರೆ ಯಾವುದಾದರೇನು ಎಂದು ಇನ್ನೊಂದು. ದ್ವೈತ ಅದ್ವೈತಗಳ ಜಗಳವನ್ನಾದರೂ ಬಗೆಹರಿಸಬಹುದು, ಇದನ್ನಲ್ಲ.

ಮಾಸ್ತರರು ಖಡೇಬಜಾರಿಗೆ ಹೋಗಿ, ಹೆಸರುಳ್ಳ ಕಂಪನಿಯದೊಂದು ಸ್ವಿಚಿಂಗ್ ಅಡಾಪ್ಟರನ್ನು ಕೆಲವು ನೂರು ರೂಪಾಯಿಗೆ ತಂದರು. ತಿಲಕವಾಡಿಯ ಮನೆಯಲ್ಲಿ ಹಾಡು ಚೆನ್ನಾಗಿಯೇ ಕೇಳಿಸಿತು. ನಡುವೆ ಒಂದು ಸಲ ಗುಂಯ್ ಎಂಬ ಸದ್ದು ಬಂತು. ಟಿವಿಯ ಸದ್ದು ದೊಡ್ಡದಾಗಲಿ ಎಂದು ಮನೆಯಾಕೆ ಟಿವಿಯನ್ನೂ ಅದೇ ಆಂಪ್ಲಿಫಯರಿಗೆ ಜೋಡಿಸಿದ್ದರು. ಟಿವಿಯ ಕೇಬಲ್ಲು ಬೀದಿಯಲ್ಲಿ ಎಲ್ಲೋ ಒಂದು ಕಡೆ ನೆಲಕ್ಕೆ ಮುಟ್ಟಿರುತ್ತದೆ, ಆಂಪ್ಲಿಫಯರು ಮನೆಯ ಅರ್ಥಿಂಗಿನಲ್ಲಿ ಇನ್ನೊಂದು ಕಡೆ. ಎರಡು ಕಡೆಯ ನೆಲಗಳ ನಡುವೆ ಒಂದಿಷ್ಟು ವೋಲ್ಟಿನ ಅಂತರವಿದ್ದರೆ ಆ ಸುತ್ತಿನಲ್ಲಿ ಕರೆಂಟು ಪ್ರದಕ್ಷಿಣೆ ಹಾಕುತ್ತ ಸ್ಪೀಕರಿನಲ್ಲಿ ಗುನುಗುತ್ತದೆ. ಟಿವಿಯ ತಂತಿ ಕಿತ್ತರು, ಸದ್ದು ನಿಂತಿತು. ಇಂಥ ಹೊತ್ತಿನಲ್ಲಿ ಪ್ಲಗ್ಗಿನ ದಪ್ಪ ಪಿನ್ನನ್ನೇ ಕತ್ತರಿಸಿ ಸದ್ದು ನಿಲ್ಲಿಸುವ ಜಾಣರೂ ಇದ್ದಾರೆ. ಸದ್ದೇನೋ ನಿಲ್ಲುತ್ತದೆ. ಮುಂದೊಂದು ದಿನ ಅವರದ್ದೂ ನಿಲ್ಲಬಹುದು.

ಪುರಾಣ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಾಸ್ತರರ ಅವ್ವ ಇರುವುದು ಖಾನಾಪುರದ ಹಿರಿಯರ ಮನೆಯಲ್ಲಿ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು. ಮಲಪ್ರಭೆಯ ದಂಡೆಯ ಆ ಊರು ಬಿಟ್ಟು ಬರಲು ಅವ್ವ ಒಪ್ಪುವುದಿಲ್ಲ. ಎಂಬತ್ತು ದಾಟಿದ ಅವರ ತವರು ಸುಳೇಭಾವಿ. 1924ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗನೇ ಕುಮಾರ ಗಂಧರ್ವರು. ದೂರದ ದೇವಾಸದಲ್ಲಿ ನೆಲೆಸಿ, ಕ್ಷಯದಿಂದ ಒಂದು ಪುಪ್ಪುಸ ಕಳೆದುಕೊಂಡು, ಉಳಿದ ಉಸಿರಿನಲ್ಲಿಯೇ ಹೊಸದೊಂದು ಗಾಯನವನ್ನು ಕಟ್ಟಿದವರು. 1992ರ ಜನವರಿಯಲ್ಲಿ ತೀರಿಕೊಂಡರು. ಅವ್ವ ಅವರನ್ನು ಕಂಡವರಲ್ಲ. ಆದರೂ "ನಮ್ಮೂರ ಹುಡುಗ" ಎಂದೇ ಮಾತಾಡುತ್ತಾರೆ. ಆ ಹುಡುಗನ ಕಬೀರ ಭಜನೆಗಳನ್ನು ಅವ್ವನಿಗೆ ಕೇಳಿಸಬೇಕೆಂದು ಮಾಸ್ತರರು ಏಪ್ರಿಲ್ಲಿನಲ್ಲಿ ಸ್ಟ್ರೀಮರನ್ನು ಕೈಚೀಲದಲ್ಲಿ ಹಾಕಿಕೊಂಡು ಖಾನಾಪುರಕ್ಕೆ ಹೋದರು. 1980ರ ದಶಕದಲ್ಲಿ ಕ್ಯಾಸೆಟ್ಟಿಗಾಗಿ ಕೊಂಡ ಆಂಪ್ಲಿಫಯರು ಅಲ್ಲಿ ಬಟ್ಟೆ ಹೊದ್ದು ಕೂತಿತ್ತು.

ಹಾಡು ಹಚ್ಚಿದ್ದೇ ತಡ, ಗುಂಯ್! ತಿಲಕವಾಡಿಯಲ್ಲಿ ಕೇಳಿಸಿದ್ದು ದುಂಬಿಯಾದರೆ ಇದು ಹೆಜ್ಜೇನಿನ ಗೂಡು. ಕುಮಾರರ ಗಾಯನದಲ್ಲಿ ಸ್ವರಕ್ಕಿರುವಷ್ಟೇ ಬೆಲೆ ನಡುವಿನ ಮೌನಕ್ಕೂ ಉಂಟು. ಅವರು ಒಂದು ಸ್ವರವನ್ನು ಎಸೆದು ಥಟ್ಟನೆ ನಿಲ್ಲುತ್ತಾರೆ, ಆ ನಿಲುಗಡೆಯಲ್ಲಿ ಕೇಳುವವನ ಎದೆ ಝಲ್ಲೆನ್ನಬೇಕು. ಇಲ್ಲಿ ನಿಂತ ಕೂಡಲೆ ಗುಂಯ್ ಎಂಬುದು ಎದ್ದು ಕೂರುತ್ತಿತ್ತು. ನಮ್ಮ ಕರೆಂಟಿನ ಕಂಪನ ಸೆಕೆಂಡಿಗೆ 50. ಅದರ ಇಮ್ಮಡಿ 100 ಹಾರ್ಮೋನಿಯಂನ ಬಿಳಿ ಐದಕ್ಕೆ ಹತ್ತಿರ ಬರುತ್ತದೆ, ಸರಿಯಾಗಿ ಕೂಡುವುದೂ ಇಲ್ಲ. ಶ್ರುತಿ ತಪ್ಪಿದ ತಂಬೂರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಂತೆ. ಕ್ಯಾಸೆಟ್ಟಿನ ಕಾಲದಲ್ಲಿ ಟೇಪಿನ ಸುಸ್ಸೆಂಬ ಸದ್ದಿನೊಳಗೆ ಇದು ಅಡಗಿಕೊಂಡಿತ್ತೇನೋ.

ಆಂಪ್ಲಿಫಯರಿನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಎನ್ನುತ್ತಿತ್ತು. ಅವ್ವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟರು. ಸದ್ದು ಅರ್ಧಕ್ಕರ್ಧ ಇಳಿಯಿತು.

"ನಾ ಕೈ ಇಟ್ಟರ ಸುಮ್ಮನಾಗತೈತಿ ನೋಡಪಾ. ತಗದ್ರ ಮತ್ತ ಗುಂಯ್ ಅಂತೈತಿ. ಹಾಡು ಮುಗ್ಯೂತನಾ ಹಿಂಗ ಕುಂದರ್ತೀನಿ ಬಿಡು."

ಸಾಕಿದ ಬೆಕ್ಕನ್ನು ಸವರುವ ಹಾಗೆ ಅವ್ವ ಅದರ ಮೈಮೇಲೆ ಕೈಯಿಟ್ಟು ಎರಡು ಭಜನೆ ಕೇಳಿದರು. ಮಾಸ್ತರರಿಗೆ ಅದು ಮೊದಲು ತಮಾಷೆಯಾಗಿ ಕಂಡಿತು. ಮೂವತ್ತು ವರ್ಷ ಹಲಗೆಯ ಮೇಲೆ ಮೂರು ಪಿನ್ನಿನ ಪ್ಲಗ್ಗಿನ ಚಿತ್ರ ಬರೆದವರು ಅವರು. ದಪ್ಪ ಪಿನ್ನು ಉದ್ದವಾಗಿರುವುದು ಏಕೆ, ಉಳಿದೆರಡಕ್ಕಿಂತ ಮೊದಲು ಅದೇ ಮುಟ್ಟಲಿ ಎಂದು ಎಂಬುದನ್ನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು. ಮೂರನೇ ಭಜನೆಯ ಹೊತ್ತಿಗೆ ಅವರಿಗೆ ಚಿತ್ರ ಕಣ್ಣಿಗೆ ಕಟ್ಟಿತು. ಆಂಪ್ಲಿಫಯರಿನಿಂದ ನೆಲಕ್ಕೆ ಇಳಿಯಬೇಕಾದದ್ದು ಅವ್ವನ ಮೈಯಿಂದ ಇಳಿಯುತ್ತಿದೆ. ಅರ್ಥಿಂಗ್ ತಂತಿಯ ಜಾಗದಲ್ಲಿ ಅವ್ವ ಕೂತಿದ್ದಾರೆ. "ಕೈ ತಗಿ ಅವ್ವಾ" ಎಂದು ಸ್ವಿಚ್ಚು ಆರಿಸಿದರು.

ಆದರೂ ಮೊದಲು ಅನುಮಾನ ಬಂದದ್ದು ಬಡಪಾಯಿ ಅಡಾಪ್ಟರಿನ ಮೇಲೆಯೇ. ಅದಕ್ಕೂ ಕಾರಣವಿಲ್ಲದಿಲ್ಲ. ಎರಡು ಪಿನ್ನಿನ ಸ್ವಿಚಿಂಗ್ ಅಡಾಪ್ಟರಿನೊಳಗೆ ಗೋಡೆಯ ಕಡೆಗೂ ಪೆಟ್ಟಿಗೆಯ ಕಡೆಗೂ ನಡುವೆ ಒಂದು ಪುಟ್ಟ ಕೆಪಾಸಿಟರು ಇರುತ್ತದೆ. ಅದರಿಂದ ಮಿಲಿಯಾಂಪಿಯರಿನ ಕಾಲುಭಾಗಕ್ಕೂ ಕಡಿಮೆ ಕರೆಂಟು ಸೋರುತ್ತದೆ. ಜೀವಕ್ಕೆ ಅಪಾಯವಿಲ್ಲ, ಬೆರಳಿಗೆ ಜುಮ್ ಎನ್ನಿಸಲು ಸಾಕು. ಮಗ ಪುಣೆಯಿಂದ ಲೀನಿಯರ್ ಸಪ್ಲೈ ಕಳಿಸಿಯೇಬಿಟ್ಟ. ಇಟ್ಟಿಗೆಯ ಹಾಗೆ ಭಾರವಾಗಿದ್ದ ಅದನ್ನು ಹೊತ್ತುಕೊಂಡು ಮಾಸ್ತರರು ಮತ್ತೆ ಖಾನಾಪುರಕ್ಕೆ ಹೋದರು. ಗುಂಯ್ ತುಸು ಇಳಿಯಿತು, ಹೋಗಲಿಲ್ಲ. ಸಂಜೆ ಏಳಕ್ಕೆ ಹೊಸದೇ ಪೇಚು. ಊರಿನಲ್ಲೆಲ್ಲ ದೀಪ, ಪಂಖಾ, ಪಂಪು ಒಟ್ಟಿಗೆ ಶುರುವಾದಾಗ ವೋಲ್ಟೇಜು 230ರಿಂದ 170ಕ್ಕೆ ಇಳಿಯಿತು. ಹಾಡು ಅರ್ಧಕ್ಕೆ ನಿಂತು ಸ್ಟ್ರೀಮರು ಮತ್ತೆ ಮೊದಲಿನಿಂದ ಎಚ್ಚರಗೊಳ್ಳತೊಡಗಿತು. ಲೀನಿಯರ್ ಸಪ್ಲೈಗೆ ಒಳಗೆ ಬರುವುದು ಕಡಿಮೆಯಾದರೆ ಹೊರಗೆ ಕೊಡುವುದೂ ಕಡಿಮೆಯಾಗುತ್ತದೆ. ರೆಗ್ಯುಲೇಟರಿಗೆ ಮೇಲೆ ಒಂದೆರಡು ವೋಲ್ಟು ಹೆಚ್ಚುವರಿ ಇಲ್ಲದಿದ್ದರೆ ಅದು ಕೈಚೆಲ್ಲುತ್ತದೆ. ಹಳೆಯ ಇನ್ವರ್ಟರಿನ ಮೇಲೆ ಅದರ ಟ್ರಾನ್ಸ್‌ಫಾರ್ಮರೇ ಗೊಣಗಿತು. ಆ ಅಗ್ಗದ ಸ್ವಿಚಿಂಗ್ ಅಡಾಪ್ಟರಿನ ಬೆನ್ನ ಮೇಲೋ, '100–240 ವೋಲ್ಟ್' ಎಂದು ಅಚ್ಚಾಗಿತ್ತು. ಅದು 170ಕ್ಕೂ ಅಂಜಲಿಲ್ಲ, ಇನ್ವರ್ಟರಿಗೂ ಅಂಜಲಿಲ್ಲ. ಪುಣೆಯ ಫ್ಲ್ಯಾಟಿನಲ್ಲಿ ಶೋಭಿಸುವ ವಸ್ತು ಖಾನಾಪುರದ ಸಂಜೆಗೆ ಒಗ್ಗಬೇಕೆಂದೇನೂ ಇಲ್ಲವಲ್ಲ.

ಕೊನೆಗೆ ವಾಯರಮನ್ನನನ್ನು ಕರೆಸಬೇಕಾಯಿತು. ಬಂದವನು ಮಾಸ್ತರರ ಹಳೆಯ ವಿದ್ಯಾರ್ಥಿಯೇ. ಖಾನಾಪುರದಲ್ಲಿ ಕನ್ನಡ, ಮರಾಠಿ, ಕೊಂಕಣಿ ಒಂದೇ ಓಣಿಯಲ್ಲಿ ಓಡಾಡುತ್ತವೆ, ಆದರೆ 'ಅರ್ಥಿಂಗ್' ಮೂರಕ್ಕೂ ಒಂದೇ. ಅವನ ಬಳಿ ಇದ್ದದ್ದು ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ಅದರಿಂದ ಹೊರಟ ಎರಡು ತಂತಿ. ಫೇಜಿಗೂ ನ್ಯೂಟ್ರಲ್ಲಿಗೂ ಮುಟ್ಟಿಸಿದ, ಬಲ್ಬು ಹತ್ತಿತು. ಫೇಜಿಗೂ ಮೂರನೆಯ ತೂತಿಗೂ ಮುಟ್ಟಿಸಿದ, ಹತ್ತಲಿಲ್ಲ.

"ಸರ, ಈ ಮೂರನೇ ತೂತು ಬರೇ ಚೆಂದಕ್ಕ ಐತ್ರಿ. ಒಳಗ ವಾಯರ್ ಇಲ್ಲ."

ಪಡಸಾಲೆ, ಅಡಿಗೆಮನೆ, ದೇವರಕೋಣೆಯೆಂದು ಒಂದೊಂದೇ ನೋಡುತ್ತ ಬಚ್ಚಲುಮನೆಗೆ ಬಂದ. ಐದಾರು ವರ್ಷಗಳ ಹಿಂದೆ ಕೂರಿಸಿದ ಗೀಝರಿನ ಸಾಕೆಟ್ಟಿನಲ್ಲಿ ಬಲ್ಬು ಝಗ್ಗನೆ ಹತ್ತಿತು. ಇದೊಂದಾದರೂ ನೆಟ್ಟಗಿದೆ ಎಂದು ಮಾಸ್ತರರು ನಿಟ್ಟುಸಿರು ಬಿಟ್ಟರು. ವಾಯರಮನ್ನ ನಗಲಿಲ್ಲ. ಮನೆಗೆ ಅರ್ಥಿಂಗಿನ ಗುಂಡಿಯೇ ಇಲ್ಲದ ಮೇಲೆ ಇಲ್ಲಿ ಹತ್ತಿದ್ದು ಹೇಗೆ? ಮೇನ್ ಸ್ವಿಚ್ಚು ಆರಿಸಿ ಸಾಕೆಟ್ಟು ಬಿಚ್ಚಿದ. ಒಳಗೆ ಎರಡು ಅಂಗುಲದ ತಂತಿಯ ತುಂಡೊಂದು ನ್ಯೂಟ್ರಲ್ಲಿನಿಂದ ಮೂರನೆಯ ತೂತಿಗೆ ಜಿಗಿದಿತ್ತು. ಕೂರಿಸಿದವರು ಗುಂಡಿ ತೋಡುವ ಕಷ್ಟ ತಪ್ಪಿಸಿಕೊಳ್ಳಲು ಮಾಡಿಟ್ಟ ಉಪಾಯ. ಪರೀಕ್ಷೆಯಲ್ಲಿ ಬಲ್ಬು ಹತ್ತುತ್ತದೆ, ಮನೆಯವರು ದುಡ್ಡು ಕೊಡುತ್ತಾರೆ.

ಈ ಎರಡು ಅಂಗುಲದ ತಂತಿಯ ಮಹಿಮೆಯನ್ನು ಸ್ವಲ್ಪ ನಿಧಾನವಾಗಿ ತಿಳಿಯಬೇಕು. ಎಲ್ಲ ಸರಿಯಿರುವ ತನಕ ನ್ಯೂಟ್ರಲ್ಲಿನಲ್ಲಿ ವೋಲ್ಟು ಇಲ್ಲವೆನ್ನುವಷ್ಟು ಕಡಿಮೆ. ಗೀಝರು ಮುಟ್ಟಿದರೆ ಜುಮ್ ಕೂಡ ಎನ್ನದು. ಆದರೆ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿ ಕಡಿಯಿತೆನ್ನಿ. ಮುಂಗಾರಿನಲ್ಲಿ ಟೊಂಗೆ ಮುರಿದು ತಂತಿಯ ಮೇಲೆ ಬೀಳುವುದು ಖಾನಾಪುರದ ಕಾಡಿನಂಚಿನಲ್ಲಿ ಹೊಸದಲ್ಲ. ಆಗ ದೀಪ ಆರುತ್ತದೆ, ಪಂಖಾ ನಿಲ್ಲುತ್ತದೆ, ಮನೆಯವರು ಕರೆಂಟು ಹೋಯಿತೆಂದುಕೊಳ್ಳುತ್ತಾರೆ. ಕರೆಂಟು ಹೋಗಿರುವುದಿಲ್ಲ. ಫೇಜಿನಿಂದ ಬಂದದ್ದು ಪಂಖಾ, ಫ್ರಿಜ್ಜುಗಳನ್ನು ದಾಟಿ, ಮುಂದೆ ಹೋಗಲು ದಾರಿಯಿಲ್ಲದೆ, ಆ ಎರಡು ಅಂಗುಲದ ತಂತಿಯಿಂದ ಗೀಝರಿನ ಮೈಗೆ ಬಂದು ಕಾಯುತ್ತ ನಿಲ್ಲುತ್ತದೆ. ಪೂರ್ತಿ 230 ವೋಲ್ಟು. ಕರೆಂಟು ಹೋದ ಕತ್ತಲಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಒಳಗೆ ಉಳಿದ ಬಿಸಿನೀರಾದರೂ ಸಿಕ್ಕೀತೆಂದು ಅವ್ವ ಅದರ ನಲ್ಲಿಗೆ ಕೈ ಹಾಕುತ್ತಾರೆ.

"ನಮ್ಮ ಬಚ್ಚಲದಾಗ ಯಾವತ್ತೂ ಶಾಕ್ ಹೊಡದಿಲ್ಲ ಬಿಡೋ" ಎಂದರು ಅವ್ವ.

"ಇದು ಎರಡ ಸಲ ಹೊಡ್ಯಾಂಗಿಲ್ರಿ ಅವ್ವಾರ."

ಪಡಸಾಲೆಯಲ್ಲಿ ಗುಂಯ್ ಎಂದು ದಿನವೂ ದೂರು ಹೇಳಿದ ಆಂಪ್ಲಿಫಯರಿನಲ್ಲಿ ಇದ್ದದ್ದು ಬೆರಳಿನ ಜುಮ್ ಅಷ್ಟೇ. ಐದಾರು ವರ್ಷ ಸೊಲ್ಲೆತ್ತದೆ ನಿಂತಿದ್ದ ಗೀಝರಿನಲ್ಲಿ ಇದ್ದದ್ದು ಇದು. ಮಾಸ್ತರರು ಆ ರಾತ್ರಿ ಊಟ ಮಾಡಲಿಲ್ಲ ಎಂದು ಅವ್ವ ಆಮೇಲೆ ನೆರೆಯವರಿಗೆ ಹೇಳಿದರಂತೆ.

ಗುಂಡಿ ತೋಡಲು ಜಾಗ ಹುಡುಕಿದರೆ ಸುತ್ತ ಜಂಬಿಟ್ಟಿಗೆಯ ನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುವಂಥದ್ದು. ಬೇಸಿಗೆಯಲ್ಲಂತೂ ವಿದ್ಯುತ್ತಿನ ಪಾಲಿಗೆ ಅದು ನೆಲವೆನ್ನುವುದಕ್ಕಿಂತ ಗೋಡೆ ಎಂದರೇ ಸರಿ. ದಾರಿ ತೋರಿದವರು ಅವ್ವ. "ನಿಮ್ಮಪ್ಪಾರು ರೇಡಿಯೋದ ವಾಯರ್ ಆ ಬಾಳಿಗಿಡದ ಬುಡಕ್ಕ ಹುಗದಿದ್ರು" ಎಂದರು. ಬಚ್ಚಲ ನೀರು ಸದಾ ಹರಿಯುವ ಜಾಗ. ಅಗೆದಾಗ ಹಸಿರುಗಟ್ಟಿದ ತಾಮ್ರದ ಎಳೆಯೊಂದು ಸಿಕ್ಕಿತು. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸು ಕಟ್ಟುತ್ತಿದ್ದ ಕಾಲದ್ದು. ಅಲ್ಲಿಯೇ ಮೂರು ಮೀಟರಿನ ಜಿಐ ಪೈಪು ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬಿದರು. ಮೇಲೆ ನದಿಯ ಕಡೆಯಿಂದ ತಂದ ಜೇಡಿಮಣ್ಣು. ಖಾನಾಪುರದ ಜೇಡಿ ಕುಂಬಾರಿಕೆಗೆ ಹೆಸರಾದದ್ದು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇಲ್ಲಿಯೇ ಇದೆ. ನೀರನ್ನು ಹಿಡಿದಿಟ್ಟುಕೊಳ್ಳುವ ಅದರ ಗುಣ ಅರ್ಥಿಂಗಿಗೂ ಒದಗುತ್ತದೆ.

ಆದರೂ ವಾಯರಮನ್ನ ಎರವಲು ತಂದ ಅರ್ಥ್ ಟೆಸ್ಟರಿನಲ್ಲಿ ಅಳೆದಾಗ ಮುಳ್ಳು 100 ಓಮ್ ಹತ್ತಿರ ನಿಂತಿತು. ಇರಬೇಕಾದದ್ದು 5 ಓಮಿನ ಆಸುಪಾಸು. ಮಾಸ್ತರರು ಕಾಗದ ತೆಗೆದರು. 230ನ್ನು 100ರಿಂದ ಭಾಗಿಸಿದರೆ 2.3 ಆಂಪಿಯರ್. ಅಂದರೆ ನಾಳೆ ಗೀಝರಿನ ಮೈಗೆ ಫೇಜು ಮುಟ್ಟಿದರೂ ನೆಲಕ್ಕೆ ಇಳಿಯುವುದು ಇಷ್ಟೇ. 16 ಆಂಪಿಯರಿನ ಎಂಸಿಬಿ ಇದಕ್ಕೆ ಕಣ್ಣೂ ಮಿಟುಕಿಸುವುದಿಲ್ಲ. ಗೀಝರಿನ ಮೈ ಹಾಗೆಯೇ ಕಾದು ನಿಂತಿರುತ್ತದೆ. ಗುಂಡಿ ತೋಡಿದ್ದೇವೆ, ಇನ್ನು ನಿಶ್ಚಿಂತೆ ಎಂದು ಮಲಗುವ ಜಂಬಿಟ್ಟಿಗೆ ಸೀಮೆಯ ಮನೆಗಳಿಗೆಲ್ಲ ಈ ಲೆಕ್ಕ ಅನ್ವಯಿಸುತ್ತದೆ.

ಇದಕ್ಕೆ ಮದ್ದು ಆರ್‌ಸಿಸಿಬಿ ಎಂಬ ಸ್ವಿಚ್ಚು. ಮನೆಯೊಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎರಡನ್ನೂ ಅದು ಸದಾ ತೂಗುತ್ತಿರುತ್ತದೆ. 30 ಮಿಲಿಯಾಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಎಲ್ಲೋ ನೆಲಕ್ಕೋ ಮನುಷ್ಯನ ಮೈಗೋ ಸೋರಿದರೆ, ಕಣ್ಣೆವೆ ಮುಚ್ಚುವುದರೊಳಗೆ ಕಡಿದುಹಾಕುತ್ತದೆ. ಅಷ್ಟಕ್ಕೆ 100 ಓಮಿನ ಗುಂಡಿಯಲ್ಲಿ ಏಳುವುದು ಬರೀ 3 ವೋಲ್ಟು. ಲೀನಿಯರ್ ಸಪ್ಲೈಗೆ ಸುರಿದ ದುಡ್ಡಿನಲ್ಲಿ ಎರಡು ಆರ್‌ಸಿಸಿಬಿ ಬರುತ್ತಿದ್ದವು ಎಂಬುದನ್ನು ಮಾಸ್ತರರು ಮಗನಿಗೆ ಫೋನಿನಲ್ಲಿ ಎರಡು ಸಲ ಹೇಳಿದರು.

ಕೂರಿಸಿದ ದಿನವೇ ಅದು ನಾಲ್ಕು ಸಲ ಬಿತ್ತು. ಇಂಥ ಹೊತ್ತಿನಲ್ಲಿ ಜನ ಸ್ವಿಚ್ಚನ್ನೇ ಬೈದು ತೆಗೆಸಿಬಿಡುತ್ತಾರೆಂದು ವಾಯರಮನ್ನ ಹೇಳಿದ. ಅವನು ತೆಗೆಯಲಿಲ್ಲ, ಹುಡುಕಿದ. ಮಿಕ್ಸರ್ ತಿರುಗಿಸಿದಾಗಲೇ ಬೀಳುತ್ತದೆ ಎಂದು ಅವ್ವ ಗುರುತು ಹೇಳಿದ ಮೇಲೆ ಅಡಿಗೆಮನೆಯ ಕಟ್ಟೆಯ ಸಾಕೆಟ್ಟು ಬಿಚ್ಚಿದರೆ ಅಲ್ಲಿಯೂ ಅದೇ ಎರಡು ಅಂಗುಲದ ತುಂಡು! ಗೀಝರು ಕೂರಿಸಿದ ದಿನವೇ ಇದಕ್ಕೂ ಮುಹೂರ್ತವಾಗಿತ್ತೇನೋ. ಬಲ್ಬಿನಿಂದ ನೋಡುವಾಗ ಮರಿಗೆಯ ಹಿಂದಿದ್ದ ಇದು ತಪ್ಪಿಹೋಗಿತ್ತು. ಅದನ್ನು ಕಿತ್ತ ಮೇಲೆ ಸ್ವಿಚ್ಚು ಬೀಳುವುದು ನಿಂತಿತು.

"ಮೂರನೇ ಪಿನ್ನಿನ ಪಾಠ ಎಂಟನೇತ್ತ್ಯಾಗ ನೀವ ಕಲಿಸಿದ್ರಲ್ರೀ ಸರ" ಎಂದು ಮಜೂರಿ ಎಣಿಸಿಕೊಳ್ಳುವಾಗ ಅವನು ಅಂದ. ಮಾಸ್ತರರು ಮೇಲೆ ನೂರು ರೂಪಾಯಿ ಇಟ್ಟರು.

ಪಡಸಾಲೆಯ ಸಾಕೆಟ್ಟಿಗೂ ಅರ್ಥ್ ತಂತಿ ಎಳೆದಾಗಿತ್ತು. ಆಂಪ್ಲಿಫಯರಿನ ಗುಂಯ್ ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟಾಯಿತು. ಮಾಸ್ತರರು ಒಂದು ಮಧ್ಯಾಹ್ನ, ವೋಲ್ಟೇಜು ಸರಿಯಿದ್ದಾಗ, ಎರಡೂ ಪವರ್ ಸಪ್ಲೈಗಳನ್ನು ಅವ್ವನಿಗೆ ಕಾಣದಂತೆ ಬದಲಿಸಿ ಬದಲಿಸಿ ಒಂದೇ ಭಜನೆಯನ್ನು ಆರು ಸಲ ಕೇಳಿಸಿದರು. ಯಾವುದು ಚಲೋ ಎಂದರೆ, "ಎಲ್ಲಾ ಒಂದ ಅನಸ್ತಾವ. ಅದನ್ನ ಯಾಕ ಹಚ್ಚಾಕತ್ತಿ?" ಎಂದರು. ಅಗ್ಗದ ಅಡಾಪ್ಟರು ಖಾನಾಪುರದಲ್ಲಿ ಉಳಿಯಿತು, ಇಟ್ಟಿಗೆ ತಿಲಕವಾಡಿಗೆ ವಾಪಸಾಯಿತು. ಅಲ್ಲಿ ಮಾಸ್ತರರಿಗೆ ಮಾತ್ರ ಅದರಿಂದ ತಂಬೂರಿ ತುಸು ನಿಚ್ಚಳವಾಗಿ ಕೇಳುತ್ತದಂತೆ. ಕೇಳಲಿ ಬಿಡಿ.

ಮೇ ಕೊನೆಯಲ್ಲಿ ಗುಡುಗು ಶುರುವಾದರೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಬೇಕು ಎಂದು ಅವ್ವನಿಗೆ ಹೇಳಿಕೊಟ್ಟದ್ದಾಗಿದೆ. ಸಿಡಿಲಿನ ಮುಂದೆ ಯಾವ ಅರ್ಥಿಂಗಿನ ಆಟವೂ ಪೂರ್ತಿ ನಡೆಯದು. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಒಂದು ಗುಂಡಿಯಿದೆ. ಒತ್ತಿದರೆ ಸ್ವಿಚ್ಚು ಟಪ್ಪೆಂದು ಬೀಳಬೇಕು, ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ತಾರೀಖು ನೆನಪಿರುವುದಿಲ್ಲ ಎಂದು ಅವ್ವ ಅದನ್ನು ಅಮಾವಾಸ್ಯೆಗೆ ಗೊತ್ತು ಮಾಡಿಕೊಂಡಿದ್ದಾರೆ. ಬೆಳಿಗ್ಗೆ ದೇವರಿಗೆ ಕಾಯಿ ಒಡೆದ ಮೇಲೆ ಊರುಗೋಲಿನ ತುದಿಯಿಂದ ಆ ಗುಂಡಿ ಒತ್ತುತ್ತಾರೆ. ಟಪ್ಪೆಂದು ಮನೆಯೆಲ್ಲ ಸ್ತಬ್ಧವಾಗುತ್ತದೆ, ಕುಮಾರ ಗಂಧರ್ವರೂ ಅರ್ಧಕ್ಕೆ ನಿಲ್ಲುತ್ತಾರೆ. ಆಮೇಲೆ ಪಕ್ಕದ ಮನೆಯ ಹುಡುಗನನ್ನು ಕೂಗಿ ಕರೆದು ಸ್ವಿಚ್ಚು ಮೇಲೆತ್ತಿಸುತ್ತಾರೆ, ಅವನ ಕೈಗೆ ಒಂದು ತುಂಡು ಕೊಬ್ಬರಿ ಇಡುತ್ತಾರೆ.